ಎಸಿಎಂ ಡಿಜಿಟಲ್ ಲೈಬ್ರರಿ: ಕೋಲಾರದ ಬಿಸಿಎ ಕ್ಲಾಸಿಗೆ ಇದರಿಂದ ಏನು ಸಿಕ್ಕಿತು?

ಕಂಪ್ಯೂಟರ್ ಸೈನ್ಸ್ ಓದುವವರು, ಕಲಿಸುವವರು ಇದನ್ನು ಬಳಸಲೇಬೇಕು. ಮೊದಲೇ ಹೇಳಿಬಿಟ್ಟೆ. 5ಕ್ಕೆ ನಾನು 4 ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಯಾಕೆ ಹಿಡಿದುಕೊಂಡೆ ಅಂತ ಮುಂದೆ ಬರೆದಿದ್ದೇನೆ.

ಎಸಿಎಂ ಅಂದರೆ ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮೆಷಿನರಿ. ಕಂಪ್ಯೂಟರ್ ಕೆಲಸದವರ, ಅಧ್ಯಾಪಕರ, ಸಂಶೋಧಕರ ಸಂಘ. ಮುಖ್ಯ ಕಚೇರಿ ನ್ಯೂಯಾರ್ಕಿನಲ್ಲಿ. ಸುಮಾರು 1 ಲಕ್ಷ ಸದಸ್ಯರಿದ್ದಾರೆ. ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಕೊಡುವವರು ಇವರೇ. 1947ರಲ್ಲಿ ಹುಟ್ಟಿದ ಈ ಸಂಘ, ತಾನು ಅಚ್ಚು ಹಾಕಿದ ಪತ್ರಿಕೆಗಳು, ಸಮ್ಮೇಳನದ ಲೇಖನಗಳು ಎಲ್ಲವನ್ನೂ ಒಂದೇ ಕಡೆ ಸೇರಿಸಿ ಇಟ್ಟಿದೆ. ಅದೇ ಡಿಜಿಟಲ್ ಲೈಬ್ರರಿ. 1997ರಲ್ಲಿ ಶುರುವಾಯಿತು. ವಿಳಾಸ ಡಿಎಲ್ ಡಾಟ್ ಎಸಿಎಂ ಡಾಟ್ ಆರ್ಗ್. ಹಳೆಯ ಲೇಖನ ಓದಲು ಲಾಗಿನ್ ಬೇಡ, ದುಡ್ಡು ಬೇಡ. ಪಿಡಿಎಫ್ ಮೇಲೆ ಒತ್ತಿದರೆ ತೆರೆಯುತ್ತದೆ.

ನಾನು ಕೋಲಾರದಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಮಾಲೂರು, ಮುಳಬಾಗಿಲು, ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಬಸ್ಸು, ರೈಲು ಹಿಡಿದು ಬರುವ ಮಕ್ಕಳು. ಎಷ್ಟೋ ಜನರ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಅವರ ಕೈಗೆ ಸಿಗುವುದು ಗೈಡು ಮತ್ತು ಜೆರಾಕ್ಸ್ ನೋಟ್ಸ್. ಅದರಲ್ಲಿ ಕ್ವಿಕ್‌ಸಾರ್ಟ್ (ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಒಂದು ವಿಧಾನ) ಅಂದರೆ ಎಂಟು ಮಾರ್ಕಿನ ಪ್ರಶ್ನೆ, ನಾರ್ಮಲೈಸೇಶನ್ (ಒಂದೇ ಮಾಹಿತಿ ಮತ್ತೆ ಮತ್ತೆ ಬಾರದಂತೆ ಟೇಬಲ್ ಜೋಡಿಸುವುದು) ಅಂದರೆ ಹತ್ತು ಮಾರ್ಕಿನ ಪ್ರಶ್ನೆ. ಇದನ್ನು ಒಬ್ಬ ಮನುಷ್ಯ ಕೂತು ಯೋಚಿಸಿ ಬರೆದ, ಇನ್ನೊಬ್ಬ ಅದನ್ನು ಓದಿ ತಕರಾರು ತೆಗೆದ, ಮೂರನೆಯವನು ತನ್ನ ಮಷೀನಿನಲ್ಲಿ ಓಡಿಸಿ ನೋಡಿದ ಅನ್ನುವುದು ಆ ನೋಟ್ಸಿನಿಂದ ಗೊತ್ತೇ ಆಗುವುದಿಲ್ಲ. ಈ ಲೈಬ್ರರಿಯ ಅಸಲಿ ಬೆಲೆ ಅಲ್ಲೇ ಇರುವುದು. ಇಲ್ಲಿ ಆ ಜನ, ಆ ತಕರಾರು, ಆ ತಿದ್ದುಪಡಿ ಎಲ್ಲ ಅಚ್ಚಾದ ಹಾಗೇ ಸಿಗುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ಸಂಘದ ಪತ್ರಿಕೆ ಕಮ್ಯುನಿಕೇಷನ್ಸ್ ಆಫ್ ದಿ ಎಸಿಎಂನ 1961ರ ಜುಲೈ ಸಂಚಿಕೆ ತೆಗೆಯಿರಿ. ಅಲ್ಲಿ 'ಅಲ್ಗಾರಿದಮ್ 64' ಅಂತ ಒಂದು ತುಣುಕು ಇದೆ (ಅಲ್ಗಾರಿದಮ್ ಅಂದರೆ ಕೆಲಸ ಮಾಡುವ ಹಂತ ಹಂತದ ವಿಧಾನ). ಬರೆದವರು ಟೋನಿ ಹೋರ್, ಆಗ ಇಂಗ್ಲೆಂಡಿನ ಎಲಿಯಟ್ ಬ್ರದರ್ಸ್ ಕಂಪನಿಯಲ್ಲಿ ಕೆಲಸ. ಅದೇ ಕ್ವಿಕ್‌ಸಾರ್ಟ್. ಒಂದು ಪುಟ ಕೂಡ ಇಲ್ಲ. ಅದರ ಹಿಂದೆಯೇ 63ನೇ ನಂಬರಿನ 'ಪಾರ್ಟಿಷನ್', ಮುಂದೆ 65ನೇ ನಂಬರಿನ 'ಫೈಂಡ್'. ಇದನ್ನು ಕ್ಲಾಸಿನ ಪ್ರೊಜೆಕ್ಟರ್ ಮೇಲೆ ಹಾಕಿದಾಗ ಹಿಂದಿನ ಬೆಂಚಿನಿಂದ ಬಂದ ಮೊದಲ ಮಾತು, "ಸಾರ್, ಇಷ್ಟೇನಾ?" ಹೌದು, ಇಷ್ಟೇ. ಭಾಷೆ ಆಲ್ಗಾಲ್, ಆ ಕಾಲದ ಪ್ರೋಗ್ರಾಮಿಂಗ್ ಭಾಷೆ. ಸಿ ಕಲಿತ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಓದಲು ಬರುತ್ತದೆ. ಪಿವೋಟ್ ಅನ್ನು, ಅಂದರೆ ಪಟ್ಟಿಯನ್ನು ಎರಡು ಭಾಗ ಮಾಡಲು ಹೋಲಿಸಿ ನೋಡುವ ಅಂಶವನ್ನು, ಹೋರ್ ರ್‍ಯಾಂಡಮ್ ಆಗಿ ಆರಿಸಿದ್ದಾರೆ. ನಮ್ಮ ಎಷ್ಟೋ ನೋಟ್ಸಿನಲ್ಲಿ ಮೊದಲ ಅಂಶವೇ ಪಿವೋಟ್ ಅಂತ ಬಾಯಿಪಾಠ ಮಾಡಿಸುತ್ತಾರೆ. ಮೊದಲೇ ಜೋಡಿಸಿದ ಪಟ್ಟಿ ಕೊಟ್ಟರೆ ಅದು ಯಾಕೆ ನಿಧಾನ ಆಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಮೂಲ ಓದಿದ ದಿನ ಮಕ್ಕಳೇ ಆ ಪ್ರಶ್ನೆ ಕೇಳಿದರು.

ಇನ್ನೂ ಚೆಂದದ ವಿಷಯ ಮುಂದಿದೆ. ಆ ಕಾಲದಲ್ಲಿ ಪತ್ರಿಕೆಯಲ್ಲಿ ಅಲ್ಗಾರಿದಮ್ ಅಚ್ಚಾದರೆ ಕಥೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಓದಿದ ಯಾರಾದರೂ ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ, ಸರಿ ಬಂತು, ಇಲ್ಲಿ ಈ ಸಾಲು ಹೀಗೆ ಬದಲಾಗಬೇಕು ಅಂತ ಬರೆದು ಕಳಿಸುತ್ತಿದ್ದರು. ಅದಕ್ಕೆ 'ಸರ್ಟಿಫಿಕೇಷನ್' ಅಂತ ಹೆಸರು. 63, 64, 65 ಮೂರಕ್ಕೂ 1962ರ ಆಗಸ್ಟ್ ಸಂಚಿಕೆಯಲ್ಲಿ ಅಂಥ ಸರ್ಟಿಫಿಕೇಷನ್ ಬಂದಿದೆ. ಒಂದು ವರ್ಷದ ಮೇಲೆ! ಅಂಚೆಯಲ್ಲಿ ಪತ್ರ ಹೋಗಿ ಬರುವ ಕಾಲದಲ್ಲಿ, ಯಾರೋ ಗುರುತಿಲ್ಲದವರ ಪ್ರೋಗ್ರಾಂ ಅನ್ನು ಕಂಪ್ಯೂಟರಿನ ಬೆಲೆಬಾಳುವ ಸಮಯ ಕೊಟ್ಟು ಓಡಿಸಿ ನೋಡಿದ್ದಾರೆ. ಸಂಘ ಅಂದರೆ ಇದು ಅಂತ ನನಗೆ ಅನ್ನಿಸುವುದು ಇಂಥ ಪುಟಗಳನ್ನು ನೋಡಿದಾಗ. ಹೋರ್ ಅವರಿಗೆ 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು, ಅದು ದೊಡ್ಡ ವಿಷಯವೇ. ಆದರೆ ಆ ಸರ್ಟಿಫಿಕೇಷನ್ ಬರೆದವರ ಕೆಲಸವನ್ನೂ ಮಕ್ಕಳು ನೋಡಬೇಕು.

ಸಂಘ ಹುಟ್ಟಿದ ಕಥೆಗೆ ಬರೋಣ. 1947ರ ಜನವರಿಯಲ್ಲಿ ಹಾರ್ವರ್ಡ್‌ನಲ್ಲಿ ದೊಡ್ಡ ಲೆಕ್ಕದ ಯಂತ್ರಗಳ ಬಗ್ಗೆ ಒಂದು ಸಭೆ ನಡೆಯಿತು. ಎಂಐಟಿಯ ಸ್ಯಾಮ್ಯುಯೆಲ್ ಕಾಲ್ಡ್‌ವೆಲ್ ಅಲ್ಲಿ ಮಾತಾಡುತ್ತಾ, ಈ ಕೆಲಸದಲ್ಲಿರುವವರಿಗೆ ಒಂದು ಸಂಘ ಬೇಕು, ಒಬ್ಬರಿಗೊಬ್ಬರು ಸುದ್ದಿ ತಿಳಿಸುವ ದಾರಿ ಬೇಕು ಎಂದರು. ಜೂನ್ ಹೊತ್ತಿಗೆ ಕೆಲವರು ಸೇರಿ ತಾತ್ಕಾಲಿಕ ಸಮಿತಿ ಮಾಡಿಕೊಂಡು ಎಲ್ಲರಿಗೂ ಪತ್ರ ಕಳಿಸಿದರು. ಆ ಸಮಿತಿಯಲ್ಲಿ ಎನಿಯಾಕ್ ಅನ್ನುವ ಆರಂಭದ ಕಂಪ್ಯೂಟರ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಮಾಕ್ಲಿ ಇದ್ದರು, ಸರ್ಕಾರದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಜಾನ್ ಕರ್ಟಿಸ್ ಇದ್ದರು, ನೌಕಾಪಡೆಯ ಸಂಶೋಧನಾ ಕಚೇರಿಯವರಿದ್ದರು. ಎಲ್ಲರನ್ನೂ ಒಟ್ಟು ಹಾಕಲು ಓಡಾಡಿದ ಎಡ್ಮಂಡ್ ಬರ್ಕ್ಲಿ ಮಾತ್ರ ಇನ್ಶೂರೆನ್ಸ್ ಕಂಪನಿಯವರು. ಪ್ರುಡೆನ್ಷಿಯಲ್ ಕಂಪನಿಯಲ್ಲಿ ಪಾಲಿಸಿ ಲೆಕ್ಕ ನೋಡುತ್ತಿದ್ದವರು. ಈ ಯಂತ್ರಗಳು ಮುಂದೆ ಕಚೇರಿ ಕೆಲಸಕ್ಕೂ ಬರುತ್ತವೆ ಅಂತ ಅಷ್ಟು ಬೇಗ ಕಂಡವರಲ್ಲಿ ಅವರೂ ಒಬ್ಬರು.

1947ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಸಭೆ ಆಯಿತು. ನಮ್ಮ ಸ್ವಾತಂತ್ರ್ಯ ಬಂದು ಸರಿಯಾಗಿ ಒಂದು ತಿಂಗಳಿಗೆ. ಮೊದಲಿಗೆ 'ಈಸ್ಟರ್ನ್ ಅಸೋಸಿಯೇಷನ್' ಅಂತ ಇತ್ತು, ಮುಂದಿನ ವರ್ಷ 'ಈಸ್ಟರ್ನ್' ಬಿಟ್ಟರು. ಕರ್ಟಿಸ್ ಮೊದಲ ಅಧ್ಯಕ್ಷರು, ಬರ್ಕ್ಲಿ ಕಾರ್ಯದರ್ಶಿ. 1954ರಲ್ಲಿ ಮೊದಲ ಪತ್ರಿಕೆ ಜರ್ನಲ್ ಆಫ್ ದಿ ಎಸಿಎಂ, 1958ರಲ್ಲಿ ಕಮ್ಯುನಿಕೇಷನ್ಸ್. ಕಮ್ಯುನಿಕೇಷನ್ಸ್‌ನ ಮೊದಲ ಸಂಪಾದಕರು ಅಲನ್ ಪರ್ಲಿಸ್. 1966ರಲ್ಲಿ ಮೊದಲ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿದ್ದೂ ಅವರಿಗೇ. 1974ರಲ್ಲಿ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷರು ಬಂದರು, ಜೀನ್ ಸ್ಯಾಮೆಟ್. ಟ್ಯೂರಿಂಗ್ ಪ್ರಶಸ್ತಿ ಒಬ್ಬ ಮಹಿಳೆಗೆ ಸಿಗಲು ಮಾತ್ರ 2006ರ ತನಕ ಕಾಯಬೇಕಾಯಿತು. ಫ್ರಾನ್ಸಿಸ್ ಅಲೆನ್ ಅವರಿಗೆ. ನಲವತ್ತು ವರ್ಷ! ನಮ್ಮ ಕ್ಲಾಸಿನಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಇದನ್ನು ಹೇಳಿದಾಗ ಅವರಿಗೆ ಸಿಟ್ಟು ಬಂತು, ಬರಬೇಕಾದ್ದೇ.

ಬರ್ಕ್ಲಿ ಬಗ್ಗೆ ಇನ್ನೊಂದು ಮಾತು. ಅವರು ಅಣುಬಾಂಬಿನ ವಿರುದ್ಧ ಇದ್ದವರು. 1972ರಲ್ಲಿ ಸಂಘಕ್ಕೆ 25 ವರ್ಷ ತುಂಬಿದ ಸಮಾರಂಭದಲ್ಲಿ ಅವರನ್ನು ಮಾತಾಡಲು ಕರೆದರೆ, ಆಯುಧಗಳಿಗಾಗಿ ಕೆಲಸ ಮಾಡುವ ಕಂಪ್ಯೂಟರ್ ತಜ್ಞರನ್ನು ಎಲ್ಲರೆದುರೇ ತರಾಟೆಗೆ ತೆಗೆದುಕೊಂಡರು. ಸಭೆಯಿಂದ ಕೆಲವರು ಎದ್ದು ಹೋದರು. ತಾನೇ ಕಟ್ಟಿದ ಸಂಘದ ಹಬ್ಬದಲ್ಲಿ ಹಾಗೆ ಮಾತಾಡಲು ಧೈರ್ಯ ಬೇಕು ಅಲ್ವಾ? ಸಂಘದ ನೀತಿ ಸಂಹಿತೆ 1992ರಲ್ಲೊಮ್ಮೆ, 2018ರಲ್ಲೊಮ್ಮೆ ಹೊಸದಾಗಿ ಬರೆಯಲ್ಪಟ್ಟಿದೆ. ನಿರ್ಧಾರ ತೆಗೆದುಕೊಳ್ಳುವಾಗ ಜನರ ಹಿತವೇ ಎಲ್ಲಕ್ಕಿಂತ ಮೊದಲು ಅಂತ ಅದರಲ್ಲಿದೆ. ಸಾಫ್ಟ್‌ವೇರ್ ಕೆಲಸಕ್ಕೆ ಸೇರಲು ಹೊರಟ ಮಕ್ಕಳಿಗೆ ಇದನ್ನು ಓದಿಸಿ. ಸಂಘದ ಮುಖ್ಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು.

ಮತ್ತೆ ಲೈಬ್ರರಿಗೆ. ನಾನು ಕ್ಲಾಸಿನಲ್ಲಿ ಬಳಸುವ ಇನ್ನೊಂದು ಲೇಖನ 1970ರ ಜೂನ್ ತಿಂಗಳ ಕಮ್ಯುನಿಕೇಷನ್ಸ್‌ನದ್ದು. ಐಬಿಎಂನ ಎಡ್ಗರ್ ಕಾಡ್ ರಿಲೇಷನಲ್ ಡೇಟಾಬೇಸ್ (ಮಾಹಿತಿಯನ್ನು ಟೇಬಲ್‌ಗಳಾಗಿ ಇಡುವ ಪದ್ಧತಿ) ಬಗ್ಗೆ ಬರೆದದ್ದು. ಹನ್ನೊಂದು ಪುಟ. ಕೊನೆಯ ಅರ್ಧ ಕಷ್ಟ, ಅದನ್ನು ಬಿಟ್ಟುಬಿಡಿ. ಮೊದಲ ಸಾಲಿನಲ್ಲೇ ಅವರು ಹೇಳುವುದು ಇಷ್ಟು: ಡೇಟಾ ಮಷೀನಿನ ಒಳಗೆ ಹೇಗೆ ಕೂತಿದೆ ಅನ್ನುವ ತಲೆನೋವು ಬಳಸುವವರಿಗೆ ಇರಬಾರದು. ಆಗಿನ ವ್ಯವಸ್ಥೆಗಳಲ್ಲಿ ಆ ತಲೆನೋವು ಇತ್ತು, ಒಳಗಿನ ಜೋಡಣೆ ಬದಲಾದರೆ ಹೊರಗಿನ ಪ್ರೋಗ್ರಾಂ ಕೆಡುತ್ತಿತ್ತು. ಕಾಡ್ ತಮ್ಮ ಲೇಖನದಲ್ಲಿ ಸಪ್ಲೈಯರ್, ಪಾರ್ಟ್, ಪ್ರಾಜೆಕ್ಟ್, ಕ್ವಾಂಟಿಟಿ ಅಂತ ಟೇಬಲ್ ಹಾಕಿದ್ದಾರೆ. ನಮ್ಮ ಮಕ್ಕಳು ಅದನ್ನು ರೈತ, ಮಂಡಿ, ಬಾಕ್ಸ್, ರೇಟು ಅಂತ ಬದಲಾಯಿಸಿಕೊಂಡರು. ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುವ ಮನೆಯ ಮಕ್ಕಳು ಕ್ಲಾಸಿನಲ್ಲಿದ್ದಾರೆ. ಒಬ್ಬ ರೈತ ಎರಡು ಮಂಡಿಗೆ ಹಾಕಿದರೆ ಏನು, ಅದೇ ದಿನ ರೇಟು ಎರಡು ಸಲ ಬದಲಾದರೆ ಯಾವುದು ಕೀ (ಪ್ರತಿ ಸಾಲನ್ನು ಬೇರೆಯಾಗಿ ಗುರುತಿಸುವ ಅಂಶ) ಆಗಬೇಕು, ಫೋನ್ ನಂಬರನ್ನು ಪ್ರತಿ ಸಾಲಿನಲ್ಲೂ ಬರೆಯಬೇಕಾ, ಅಂತ ಅವರವರಲ್ಲೇ ಜಗಳ ಆಯಿತು. ನಾರ್ಮಲೈಸೇಶನ್ ಪಾಠ ಅಷ್ಟು ಚೆನ್ನಾಗಿ ಆದದ್ದು ನನ್ನ ಅನುಭವದಲ್ಲಿ ಅದೇ ಮೊದಲು.

ಜಗಳ ಅಂದಾಗ ಇನ್ನೊಂದು ನೆನಪಾಯಿತು. ಸಿ ಭಾಷೆಯ ನೋಟ್ಸಿನಲ್ಲಿ 'ಗೋಟು ಬಳಸಬಾರದು' ಅಂತ ಒಂದು ಸಾಲು ಇರುತ್ತದೆ. ಗೋಟು ಅಂದರೆ ಪ್ರೋಗ್ರಾಂ ಒಳಗೆ ಒಂದು ಸಾಲಿನಿಂದ ಇನ್ನೊಂದಕ್ಕೆ ನೇರವಾಗಿ ಜಿಗಿಸುವ ಆದೇಶ. 'ಬಳಸಬಾರದು' ಅನ್ನುವ ಆ ಮಾತಿನ ಮೂಲ ಕಮ್ಯುನಿಕೇಷನ್ಸ್‌ನ 1968ರ ಮಾರ್ಚ್ ಸಂಚಿಕೆಯಲ್ಲಿ ಬಂದ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಎರಡು ಪುಟದ ಪತ್ರ. ಹೌದು, ಸಂಪಾದಕರಿಗೆ ಬರೆದ ಪತ್ರ. ಜನಕ್ಕೆ ನೆನಪಿರುವ ಅದರ ಖಡಕ್ ತಲೆಬರಹ ಡೈಕ್‌ಸ್ಟ್ರಾ ಇಟ್ಟದ್ದೂ ಅಲ್ಲ, ಸಂಪಾದಕರಾಗಿದ್ದ ನಿಕ್ಲಾಸ್ ವಿರ್ತ್ ಇಟ್ಟದ್ದು. 1974ರಲ್ಲಿ ಡೊನಾಲ್ಡ್ ಕ್ನೂತ್ ಅದೇ ಸಂಘದ ಇನ್ನೊಂದು ಪತ್ರಿಕೆಯಲ್ಲಿ, ಗೋಟು ಎಲ್ಲಿ ಸರಿ ಎಲ್ಲಿ ಬೇಡ ಅಂತ ಉದ್ದಕ್ಕೆ ಬರೆದರು. 1987ರಲ್ಲಿ ಮತ್ತೊಬ್ಬರು ಡೈಕ್‌ಸ್ಟ್ರಾ ಪತ್ರವೇ ಕೆಟ್ಟದ್ದು ಮಾಡಿತು ಅಂತ ಕಾಗದ ಬರೆದರು, ಅದಕ್ಕೂ ಸಾಲು ಸಾಲು ಉತ್ತರ ಬಂತು. ಇಪ್ಪತ್ತು ವರ್ಷದ ಚರ್ಚೆ. ಅದೆಲ್ಲ ಸೋಸಿ ಸೋಸಿ ನಮ್ಮ ನೋಟ್ಸಿಗೆ ಬರುವಾಗ ಒಂದು ಸಾಲು ಉಳಿದಿದೆ. ಲೈಬ್ರರಿಯಲ್ಲಿ ಈ ಮೂರನ್ನೂ ಒಂದರ ಪಕ್ಕ ಒಂದು ತೆರೆದು ಓದಬಹುದು.

ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ ಬರೆದದ್ದು 1974ರ ಜುಲೈ ಸಂಚಿಕೆಯಲ್ಲಿದೆ. ಬ್ಯಾಂಕಿಂಗ್ ಸುರಕ್ಷತೆಗೆ ಬುನಾದಿ ಹಾಕಿದ, ಸಂದೇಶವನ್ನು ಗುಟ್ಟಾಗಿಡುವ ಆರ್‌ಎಸ್‌ಎ ವಿಧಾನ 1978ರ ಫೆಬ್ರವರಿಯಲ್ಲಿದೆ. ಲಿನಕ್ಸ್ ಲ್ಯಾಬ್ ಮಾಡುವವರು ಯುನಿಕ್ಸ್ ಲೇಖನ ಬಿಡಬೇಡಿ, ಅಷ್ಟು ಸರಳ ಇಂಗ್ಲಿಷ್. ಆರ್‌ಎಸ್‌ಎಗೆ ಸ್ವಲ್ಪ ಗಣಿತ ಬೇಕು.

ಈಗ ದುಡ್ಡಿನ ವಿಷಯ. ಮೊದಲು ಇದೆಲ್ಲ ಪುಕ್ಕಟೆ ಇರಲಿಲ್ಲ. ಚಂದಾ ಕಟ್ಟಿದ ದೊಡ್ಡ ವಿಶ್ವವಿದ್ಯಾಲಯ, ಐಐಟಿ, ಕಂಪನಿಗಳ ಒಳಗಿದ್ದವರಿಗೆ ಸಿಗುತ್ತಿತ್ತು. ಉಳಿದವರು ಒಂದೊಂದು ಲೇಖನಕ್ಕೂ ಡಾಲರ್ ಲೆಕ್ಕದಲ್ಲಿ ಕೊಡಬೇಕಿತ್ತು. ಜಿಲ್ಲೆಯ ಡಿಗ್ರಿ ಕಾಲೇಜಿಗೆ ಅದು ಆಗುವ ಮಾತಾ? 2022ರ ಏಪ್ರಿಲ್‌ನಲ್ಲಿ, 75ನೇ ವರ್ಷದ ನೆಪದಲ್ಲಿ, ಸಂಘ 1951ರಿಂದ 2000ದವರೆಗಿನ ಎಲ್ಲವನ್ನೂ ಎಲ್ಲರಿಗೂ ತೆರೆದಿಟ್ಟಿತು. ಸುಮಾರು 1,17,500 ದಾಖಲೆಗಳು. ಆಮೇಲೆ 2026ರ ಜನವರಿಯಿಂದ ಹೊಸ ಲೇಖನಗಳನ್ನೂ ಮುಕ್ತ ಓದಿಗೆ ತರುವ ತೀರ್ಮಾನ ಆಯಿತು. ನನ್ನ ಪ್ರಕಾರ ಸಂಘದ ಇಷ್ಟು ವರ್ಷದ ಬಾಳಿನಲ್ಲಿ ನಮ್ಮಂಥ ಊರಿನವರಿಗೆ ಆದ ದೊಡ್ಡ ಉಪಕಾರ ಈ 2022ರ ತೀರ್ಮಾನ. ಟ್ಯೂರಿಂಗ್ ಪ್ರಶಸ್ತಿಯ ಮೊತ್ತ 10 ಲಕ್ಷ ಡಾಲರ್ ಆದದ್ದು ಸುದ್ದಿಯಾಗುತ್ತದೆ. ಬೆಂಗಳೂರಿನ ದೊಡ್ಡ ಸಂಸ್ಥೆಯಲ್ಲಿರುವ ಪ್ರೊಫೆಸರ್ ಓದುವ ಪುಟವನ್ನೇ ಬಂಗಾರಪೇಟೆ ರೈಲಿನಲ್ಲಿ ಕೂತ ಹುಡುಗಿ ಫೋನಿನಲ್ಲಿ ಓದಬಹುದು ಅನ್ನುವುದು ಸುದ್ದಿಯಾಗಲೇ ಇಲ್ಲ. ಆಗಬೇಕಿತ್ತು.

ಆ ಒಂದು ಸ್ಟಾರ್ ವಿಷಯ. ಹಳೆಯ ಲೇಖನಗಳು ಅಚ್ಚಿನ ಪುಟವನ್ನು ಸ್ಕ್ಯಾನ್ ಮಾಡಿ ಹಾಕಿದವು. ಎರಡು ಕಾಲಂ, ಸಣ್ಣ ಅಕ್ಷರ. ಫೋನಿನಲ್ಲಿ ಓದುವಾಗ ದೊಡ್ಡದು ಮಾಡಿ, ಅತ್ತಿತ್ತ ಎಳೆದು ಕಣ್ಣು ನೋಯುತ್ತದೆ. ಸೂತ್ರಗಳ ಸಣ್ಣ ಚಿಹ್ನೆ ಕೆಲವು ಕಡೆ ಮಸುಕು. ಪ್ರೋಗ್ರಾಂ ಸಾಲುಗಳನ್ನು ಕಾಪಿ ಮಾಡಿದರೆ ಅಕ್ಷರ ಏರುಪೇರು ಆಗುತ್ತವೆ, ಕೈಯಲ್ಲೇ ಟೈಪ್ ಮಾಡುವುದು ಒಳ್ಳೆಯದು. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್‌ನಲ್ಲಿ ಇಂಥ ಪುಟ ಓದಿಸುವುದು ತುಂಬಾ ಕಷ್ಟ, ಇದು ನನಗೆ ನಿಜವಾಗಿ ಬೇಜಾರಿನ ವಿಷಯ. ಮುಖ್ಯವಾದ ನೂರಿನ್ನೂರು ಹಳೆಯ ಲೇಖನಗಳನ್ನಾದರೂ ಹೊಸದಾಗಿ ಟೈಪ್ ಮಾಡಿಸಿ ಹಾಕಬೇಕು. ಇನ್ನೊಂದು, ಮುಕ್ತ ಓದು ಅಂದರೆ ಖರ್ಚು ಮಾಯವಾಯಿತು ಅಂತ ಅರ್ಥ ಅಲ್ಲ. ಓದುವವರ ಬದಲು ಬರೆಯುವವರು ಅಥವಾ ಅವರ ಸಂಸ್ಥೆ ಶುಲ್ಕ ಕಟ್ಟಬೇಕಾಗುತ್ತದೆ. ಸಣ್ಣ ಕಾಲೇಜಿನ ಅಧ್ಯಾಪಕರು ಲೇಖನ ಕಳಿಸುವ ಮುಂಚೆ ರಿಯಾಯಿತಿಯ ನಿಯಮ ಸರಿಯಾಗಿ ಓದಿಕೊಳ್ಳಿ.

ಬಳಸುವ ಕ್ರಮದ ಬಗ್ಗೆ ಒಂದು ಸಲಹೆ. ಸರ್ಚ್ ಬಾಕ್ಸ್‌ನಲ್ಲಿ 'ಸಾರ್ಟಿಂಗ್' ಅಂತ ಹಾಕಿದರೆ ಸಾವಿರಾರು ಬಂದು ಬೀಳುತ್ತವೆ. ಸುಮ್ನೆ ಗಾಬರಿ. ಅದರ ಬದಲು ಪತ್ರಿಕೆ ಆರಿಸಿ, ವರ್ಷ ಆರಿಸಿ, ಒಂದು ಸಂಚಿಕೆ ಪೂರ್ತಿ ತೆರೆಯಿರಿ. ಆ ತಿಂಗಳು ಬೇರೆ ಯಾರು ಏನು ಬರೆದಿದ್ದರು, ಯಾವುದರ ಬಗ್ಗೆ ಪತ್ರಗಳು ಬಂದಿದ್ದವು ಅಂತ ಗೊತ್ತಾಗುತ್ತದೆ. ಇತಿಹಾಸ ಹಾಗೆ ಓದಿದರೇ ರುಚಿ.

ಸದಸ್ಯತ್ವ ಬೇಕಾ ಅಂತ ಮಕ್ಕಳು ಕೇಳುತ್ತಾರೆ. ಹಳೆಯದನ್ನು ಓದಲು ಬೇಡ. ಸಮ್ಮೇಳನಕ್ಕೆ ಹೋಗುವವರು, ಸಂಶೋಧನೆಗೆ ಇಳಿಯುವವರು ಆಮೇಲೆ ಯೋಚಿಸಬಹುದು. ಡಿಗ್ರಿಯಲ್ಲಿರುವಾಗ ಮನೆಯಿಂದ ದುಡ್ಡು ಕೇಳಿ ಕಟ್ಟುವ ಅಗತ್ಯ ಇಲ್ಲ.

ನಮ್ಮ ದೇಶದಲ್ಲೂ ಇಂಥ ಸಂಘ ಇದೆ. ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾ, 1965ರಲ್ಲಿ ಶುರುವಾದದ್ದು. ಮೊದಲ ಅಧ್ಯಕ್ಷರು ಆರ್. ನರಸಿಂಹನ್. ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನಲ್ಲಿ ಟಿಫ್ರ್ಯಾಕ್ ಅನ್ನುವ ಕಂಪ್ಯೂಟರನ್ನು ನಮ್ಮವರೇ ವಿನ್ಯಾಸ ಮಾಡಿ ಕಟ್ಟಿದಾಗ ಮುಂದೆ ನಿಂತವರು. ಅದು 1960ರಲ್ಲಿ ಕೆಲಸ ಶುರು ಮಾಡಿತು. ಕೋಲಾರದವರಿಗೆ ಈ ಟಾಟಾ ಸಂಸ್ಥೆ ಹೊಸದಲ್ಲ. ಇದೇ ಸಂಸ್ಥೆಯ ವಿಜ್ಞಾನಿಗಳು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ 2 ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ ಉಪಕರಣ ಇಟ್ಟು, 1965ರಲ್ಲಿ, ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಗುರುತು ಹಿಡಿದರು. ಅಪ್ಪ, ತಾತ ಗಣಿಯಲ್ಲಿ ದುಡಿದ ಮಕ್ಕಳು ನನ್ನ ಕ್ಲಾಸಿನಲ್ಲಿದ್ದಾರೆ. ಗಣಿ 2001ರಲ್ಲಿ ಮುಚ್ಚಿತು. ಭೌತಶಾಸ್ತ್ರದ ಆ ಕಥೆ ಕೆಲವರಿಗೆ ಗೊತ್ತು, ಕಂಪ್ಯೂಟರಿನ ಕಥೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಸಂಘಗಳ ಹಳೆಯ ಸಂಚಿಕೆ, ಟಿಫ್ರ್ಯಾಕ್ ಕಾಲದ ವರದಿ, ಪತ್ರ ಎಲ್ಲವೂ ಹೀಗೇ ಒಂದೇ ಕಡೆ, ಒಂದೇ ಒತ್ತಿಗೆ ಸಿಗುವ ಹಾಗೆ ಆಗಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಟ್ಯೂರಿಂಗ್ ಪ್ರಶಸ್ತಿ ಪಟ್ಟಿಯಲ್ಲಿ ನಮ್ಮ ಕಡೆಯವರು ಇದ್ದಾರಾ ಅಂತ ಕೇಳುವವರಿಗೆ: ರಾಜ್ ರೆಡ್ಡಿ, 1994. ಆಗಿನ ಚಿತ್ತೂರು ಜಿಲ್ಲೆಯ ಕಾಟೂರಿನಲ್ಲಿ ಹುಟ್ಟಿ, ಶ್ರೀಕಾಳಹಸ್ತಿಯಲ್ಲಿ ಹೈಸ್ಕೂಲು ಓದಿದವರು. ಮುಳಬಾಗಿಲು ದಾಟಿದರೆ ಚಿತ್ತೂರು ಜಿಲ್ಲೆ ಶುರು. ಮನುಷ್ಯರ ಮಾತನ್ನು ಕಂಪ್ಯೂಟರ್ ಅರ್ಥ ಮಾಡಿಕೊಳ್ಳುವ ಹಾಗೆ ಮಾಡುವ ಕೆಲಸದಲ್ಲಿ ಅವರದು ದೊಡ್ಡ ಹೆಸರು.

ಹೊಸಬರು 1961ರ ಜುಲೈ ಸಂಚಿಕೆಯಿಂದ ಶುರು ಮಾಡಿ, 63 ಮತ್ತು 64 ಎರಡನ್ನೂ ಓದಿ. ಆಮೇಲೆ 1962ರ ಆಗಸ್ಟ್‌ನ ಸರ್ಟಿಫಿಕೇಷನ್. ಮೂರೂ ಸೇರಿ ಕೆಲವೇ ಪುಟ. ಆಲ್ಗಾಲ್ ಸಾಲು ಅರ್ಥವಾಗದಿದ್ದರೆ ಕೆಳಗೆ ಕಾಮೆಂಟಿನಲ್ಲಿ ಕೇಳಿ, ಸಿ ಭಾಷೆಗೆ ಬದಲಾಯಿಸಿ ಬರೆದ ನಮ್ಮ ಕ್ಲಾಸಿನ ಪ್ರೋಗ್ರಾಂ ಹಾಕುತ್ತೇನೆ.